ಎಣ್ಣೆ ಮಣ್ಣಿನ ಸಾಕ್ಷಿ

ಭಾನುವಾರ ಬೆಳಿಗ್ಗೆ ಗ್ಯಾರೇಜಿನ ಶಟರ್ ಎತ್ತುವ ಮೊದಲೇ ಮೆಕ್ಯಾನಿಕ್‌ನ ತಲೆ ಬಿಸಿಯಾಯಿತು. ಪಕ್ಕದ ಪಾರ್ಕಿನ ಗೇಟಿಗೆ ಕಾಲೊನಿ ಸಂಘದವರು ಹೊಸ ಬೋರ್ಡು ಹಾಕಿದ್ದರು: ‘ಹಕ್ಕಿಗಳ ದನಿಯೊಂದೇ ಕೇಳುತ್ತಿದ್ದ ಹಳೆಯ ಹೂದೋಟದ ಜಾಗವಿದು.’

“ಹೂದೋಟವಂತೆ,” ಎಂದು ಹಲ್ಲು ಕಡಿದ. “ಸೈಲೆನ್ಸರ್ ಕಿತ್ತ ಬೈಕುಗಳು ಒಟ್ಟಿಗೆ ಹೊರಟ್ರೆ ಹಕ್ಕಿಯೇನು, ಹದ್ದೂ ಊರು ಬಿಡ್ತಿತ್ತು.”

ಅಲ್ಲಿ ಇದ್ದದ್ದು ಮಣ್ಣಿನ ರೇಸ್ ಟ್ರ್ಯಾಕ್. ಅವನ ಅಪ್ಪ ರೇಸಿನವರ ಬೈಕು ರಿಪೇರಿ ಮಾಡುತ್ತಿದ್ದರೆ ಇವನು ಹಳೆಯ ಟೈರುಗಳ ರಾಶಿಯ ಮೇಲೆ ಕೂತು ಧೂಳು ತಿನ್ನುತ್ತಿದ್ದ. ಸಂಜೆ ಇಬ್ಬರೂ ಮನೆಗೆ ಬಂದರೆ ಅಮ್ಮ ಹಲ್ಲು ನೋಡಿಯೇ ಗುರುತು ಹಿಡಿಯಬೇಕಿತ್ತು. ಅಪ್ಪ ಬಿಟ್ಟುಹೋದದ್ದು ಒಂದು ಸ್ಪ್ಯಾನರ್ ಪೆಟ್ಟಿಗೆ, ಜೊತೆಗೆ ಈ ನೆನಪು. ಅದನ್ನೂ ಒಂದು ಬೋರ್ಡು ನುಂಗಿಹಾಕಿದರೆ ಸುಮ್ಮನಿರುವುದು ಹೇಗೆ?

“ಆ ಬೋರ್ಡು ನಿಮಗೇನು ಕಚ್ತಾ ಇದೆಯಾ?” ಎಂದಳು, ಹಿಂದಿನ ಮನೆಯಿಂದ ಹೊರಬಂದ ಹೆಂಡತಿ.

“ನಮ್ಮಪ್ಪ ಇಲ್ಲಿ ಮಲ್ಲಿಗೆ ಕೀಳ್ತಿದ್ನಾ? ಅದನ್ನ ಬದಲಾಯಿಸದೆ ನಾನು ಟೀ ಕುಡಿಯಲ್ಲ.”

“ಒಳ್ಳೇದೇ ಆಯ್ತು. ಹಾಲೂ ಇಲ್ಲ.”

ಸಂಘದ ಅಧ್ಯಕ್ಷರು ಕಾರಿನ ವೈಪರಿನಂತೆ ಎರಡೂ ಕೈ ಬೀಸುತ್ತ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಿದ್ದರು. ಇವನು ಅಡ್ಡ ನಿಂತ.

“ರೇಸ್ ಇತ್ತು ಅಂತ ಬರೆದ್ರೆ ಕಾಲೊನಿಗೆ ಶೋಭೆ ಅಲ್ಲ ಮೇಸ್ತ್ರಿ,” ಎಂದರು ಅವರು. “ಹೂವು ಅಂದ್ರೆ ಯಾರ ತಕರಾರೂ ಇಲ್ಲ. ಅಷ್ಟಕ್ಕೂ ನಿಮ್ಮ ಮಾತಿಗೆ ಸಾಕ್ಷಿ ಎಲ್ಲಿದೆ?”

ಸಾಕ್ಷಿ ಎದುರಿನ ಕ್ಷೌರದಂಗಡಿಯಲ್ಲೇ ಇತ್ತು. ಕ್ಷೌರಿಕ ಇವನ ಓರಗೆಯವನು, ಅದೇ ಟೈರುಗಳ ಮೇಲೆ ಕೂತವನು. ಗಿರಾಕಿಯ ಅರ್ಧ ಗಡ್ಡಕ್ಕೆ ನೊರೆ ಹಚ್ಚಿದ್ದವನನ್ನು ಮೆಕ್ಯಾನಿಕ್ ಹಾಗೇ ಎಳೆದು ತಂದ. ಆದರೆ ಅಧ್ಯಕ್ಷರ ಮುಖ ಕಂಡದ್ದೇ ಕ್ಷೌರಿಕನ ನಾಲಗೆ ಗೇರು ಬದಲಿಸಿತು. ಆ ಮುಖಕ್ಕೆ ದಿನಾ ಕತ್ತಿ ಆಡಿಸುವವನು ಅವನೇ.

“ನಾನಿದ್ದೆ ಸಾರ್. ಆದ್ರೆ ವಿಪರೀತ ಧೂಳು. ಏನೂ ಕಾಣ್ಲಿಲ್ಲ.”

ವಾಕಿಂಗಿಗೆ ಬಂದಿದ್ದವರೆಲ್ಲ ನಕ್ಕರು. ನೀರು ಮುಗಿದ ರೇಡಿಯೇಟರಿನಂತೆ ಮೆಕ್ಯಾನಿಕ್ ಹೊಗೆಯಾಡಿದ. ಗ್ಯಾರೇಜಿಗೆ ನುಗ್ಗಿ ಗುದ್ದಲಿ ತಂದ. ಅಪ್ಪ ಬೈಕುಗಳ ಕರೀ ಎಣ್ಣೆ ಇಳಿಸುತ್ತಿದ್ದ ಮೂಲೆ ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಪಾರ್ಕಿನ ಆ ಮೂಲೆಯ ಹುಲ್ಲನ್ನು ಕಿತ್ತೆಸೆದು, ಮೊಣಕಾಲುದ್ದ ಅಗೆದು, ಕಾಡಿಗೆಯಂಥ ಮಣ್ಣಿನ ಹೆಂಟೆಯೊಂದನ್ನು ಎತ್ತಿ ಅಧ್ಯಕ್ಷರ ಮೂಗಿಗೇ ಹಿಡಿದ.

“ಮೂಸಿ ನೋಡಿ ಸಾರ್. ಇದೇನು ಮಲ್ಲಿಗೆಯೋ, ಸಂಪಿಗೆಯೋ?”

ಅಧ್ಯಕ್ಷರು ಮೂಸಿದರು. “ಎಂಜಿನ್ ಆಯಿಲ್.”

“ಹಾಗೆ ಬನ್ನಿ ದಾರಿಗೆ.”

ಅಧ್ಯಕ್ಷರು ಗುಂಡಿ ನೋಡಿದರು. ಅಲ್ಲಿಂದ ನಾಲ್ಕು ಮಾರು ದೂರದ ಗ್ಯಾರೇಜಿನ ಗೋಡೆ ನೋಡಿದರು. “ನಿಮ್ಮ ಗ್ಯಾರೇಜಿನ ಎಣ್ಣೆ ಎಷ್ಟು ವರ್ಷದಿಂದ ಇಲ್ಲಿಗೆ ಇಳೀತಾ ಇದೆ?”

“ಅದಕ್ಕೇ ನಮ್ಮ ಗುಲಾಬಿ ಕರಟಿ ಹೋಗಿದ್ದು,” ಎಂದಳು ಒಬ್ಬಾಕೆ. “ಮಕ್ಕಳು ಆಡೋ ಜಾಗ ಕಣ್ರೀ. ಗ್ಯಾರೇಜ್ ಮುಚ್ಚಿಸಿ,” ಎಂದ ಇನ್ನೊಬ್ಬ.

ಮೆಕ್ಯಾನಿಕ್ ಹೆಂಟೆಯನ್ನು ಬೆನ್ನ ಹಿಂದೆ ಅಡಗಿಸಿದ. ಕ್ಷೌರಿಕನಿಗೆ ಕೊನೆಗೂ ಗೆಳೆಯನ ಮೇಲೆ ಕನಿಕರ ಹುಟ್ಟಿತು.

“ಇವನದಲ್ಲ ಸಾರ್, ಬಿಡಿ. ಇಲ್ಲಿ ರೇಸ್ ನಡೀತಿದ್ದಿದ್ದು ನಿಜ. ಈಗ ಎಲ್ಲಾ ನೆನಪಾಯ್ತು. ಈ ಎಣ್ಣೆ ಸುರಿದಿದ್ದು ಇವರಪ್ಪ.”

“ಕೇಳಿಸ್ಕೊಂಡ್ರಾ?” ಎಂದ ಮೆಕ್ಯಾನಿಕ್, ಎದೆಯುಬ್ಬಿಸಿ. “ನಮ್ಮಪ್ಪನೇ. ರೇಸ್ ದಿನ ಒಂದು ಡ್ರಮ್ ಸುರೀತಿದ್ರು.”

ಅಧ್ಯಕ್ಷರು ಜೇಬಿನಿಂದ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. “ಸರಿ, ಒಪ್ಪಿದೆ. ಟ್ರ್ಯಾಕ್ ಇತ್ತು. ಅಪ್ಪ ಸುರಿದಿದ್ದನ್ನ ಮಗ ತೆಗೀಲಿ. ಇಲ್ಲಾಂದ್ರೆ ಗ್ಯಾರೇಜಿಗೆ ಬೀಗ. ಏನಂತೀರಿ ಎಲ್ಲರೂ?”

ಎಲ್ಲರೂ ಹೌದೆಂದರು. ಕ್ಷೌರಿಕನೂ ತಲೆಯಾಡಿಸಿ, ಕಾದಿದ್ದ ಅರ್ಧ ಗಡ್ಡದ ಕಡೆಗೆ ಓಡಿದ.

ಮಧ್ಯಾಹ್ನದ ಬಿಸಿಲಿಗೆ ಮೆಕ್ಯಾನಿಕ್ ಸೊಂಟದುದ್ದದ ಗುಂಡಿಯಲ್ಲಿದ್ದ. ತಳ್ಳುಗಾಡಿಯಲ್ಲಿ ಅಪ್ಪನ ಕಾಲದ ಮಣ್ಣು ಗೋಪುರವಾಗಿತ್ತು. ಅಧ್ಯಕ್ಷರು ಊಟ ಮುಗಿಸಿ, ಹಲ್ಲುಕಡ್ಡಿ ಆಡಿಸುತ್ತ ಬಂದು ಗುಂಡಿಯೊಳಗೆ ಇಣುಕಿದರು.

“ಬೋರ್ಡು ಯಾವಾಗ ಬದಲಾಯಿಸ್ತೀರಿ?” ಎಂದ ಇವನು, ಗುದ್ದಲಿಯನ್ನು ನೆಲಕ್ಕೆ ಕುಕ್ಕಿ.

“ಅದಿರಲಿ ಮೇಸ್ತ್ರಿ. ಇನ್ನೂ ಸ್ವಲ್ಪ ಆಳಕ್ಕೆ ಹೋಗಿ. ವಾಸನೆ ಉಳೀಬಾರ್ದು ನೋಡಿ. ಉಳಿದ್ರೆ ನಾಳೆ ಇನ್ಯಾರಾದ್ರೂ ಬಂದು ಇಲ್ಲಿ ರೇಸ್ ನಡೀತಿತ್ತು ಅಂತ ಶುರು ಮಾಡ್ತಾರೆ.”