ಸದಾ ಸನ್ನದ್ಧ ವಾರ್ಡು

ಮುಂದಿನ ಮಹಾಮಾರಿಯನ್ನು ಎದುರಿಸಲು ಮಂಗಳೂರಿನ ಆ ಸರಕಾರಿ ಆಸ್ಪತ್ರೆ ಸಂಪೂರ್ಣ ಸನ್ನದ್ಧವಾಗಿದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರಲ್ಲ ಅಲ್ಲಿಯವರು. ಮೊದಲೇ ತೋಡಿ, ಬೀಗ ಹಾಕಿ ಇಟ್ಟವರು. ಮೂರನೇ ಮಹಡಿಯ 'ಸದಾ ಸನ್ನದ್ಧ ವಾರ್ಡಿ'ನಲ್ಲಿ ಇಪ್ಪತ್ತು ಹಾಸಿಗೆ, ತಲೆಯ ಬಳಿಯೇ ಆಕ್ಸಿಜನ್, ಎಲ್ಲದರ ಮೇಲೂ ಕಂಪನಿಯ ಪ್ಲಾಸ್ಟಿಕ್ ಕವರು. ರೋಗಿ ಮಾತ್ರ ಇಲ್ಲ. ಅದಕ್ಕೂ ಸುತ್ತೋಲೆಯಿದೆ: "ರೋಗಿಯು ಮಲಗಿದ ಕ್ಷಣದಿಂದ ಸದರಿ ಹಾಸಿಗೆಯು ಸನ್ನದ್ಧವೆಂಬ ಅರ್ಹತೆಯನ್ನು ಕಳೆದುಕೊಳ್ಳತಕ್ಕದ್ದು."

ವಾರ್ಡಿನ ಬೀಗದ ಕೈ ಸಿಸ್ಟರ್ ಆನ್ಸಿಯ ಕಿಸೆಯಲ್ಲಿತ್ತು. ಈ ನಿಯಮ ಅವಳಿಗೆ ಹೊಸತಲ್ಲ. ಅವಳ ಅಮ್ಮನೂ ಕುವೈಟಿನಿಂದ ಬಂದ ಡಿನ್ನರ್ ಸೆಟ್ಟನ್ನು ನೆಂಟರಿಗೆಂದು ಶೋಕೇಸಿನಲ್ಲಿಟ್ಟು ಬೀಗ ಹಾಕಿದ್ದಳು. ನೆಂಟರೆಲ್ಲ ಒಟ್ಟಿಗೆ ಬಂದದ್ದು ಅಮ್ಮನ ಅಂತ್ಯಕ್ರಿಯೆಗೆ. ಅವರು ಉಂಡದ್ದು ಪೇಪರ್ ಪ್ಲೇಟಿನಲ್ಲಿ.

ಆ ವಾರ ಊರಿಡೀ ಜ್ವರ. ಕೆಳಗಿನ ವಾರ್ಡುಗಳು ತುಂಬಿ, ರೋಗಿಗಳು ಮೂರನೇ ಮಹಡಿಯ ವರಾಂಡದವರೆಗೆ ಬಂದಿದ್ದರು. ಸನ್ನದ್ಧ ವಾರ್ಡಿನ ಬಾಗಿಲೆದುರೇ ಚಾಪೆ ಹಾಸಿ ಮಲಗಿದವನು ಉಳ್ಳಾಲದ ಮೀನುಗಾರ ಮುದ್ದು. ಅವನಿಗೆ ಉಸಿರು ಸಿಗುತ್ತಿರಲಿಲ್ಲ. ಹೆಂಡತಿ ಜಯ ಸೆರಗಿನಿಂದ ಗಾಳಿ ಬೀಸುತ್ತಿದ್ದಳು.

"ಒಳಗೆ ಆಕ್ಸಿಜನ್ ಉಂಟಲ್ಲ ಸಿಸ್ಟರ್? ಒಂಚೂರು ಕೊಟ್ಟರೆ ಎಂತ ಆಗ್ತದೆ?"

ಆನ್ಸಿ ಅಧೀಕ್ಷಕ ಡಾಕ್ಟರ್ ಗುಣಪಾಲರ ಕೋಣೆಗೆ ಓಡಿದಳು.

"ಸರ್, ಒಂದೇ ಹಾಸಿಗೆ ಕೊಡಿ. ಇಲ್ಲದಿದ್ದರೆ ಆ ಮನುಷ್ಯ ಉಳಿಯುವುದಿಲ್ಲ."

"ಇದು ಮಹಾಮಾರಿ ಅಂತ ಘೋಷಣೆ ಆಗಿದೆಯಾ?"

"ಇಲ್ಲ ಸರ್. ಆದರೆ ಊರಿಗೆಲ್ಲ ಜ್ವರ ಉಂಟು."

"ಘೋಷಣೆ ಆಗದೆ ಕವರು ತೆಗೆದು, ನಾಳೆ ನಿಜವಾದದ್ದು ಬಂದರೆ ನಾವು ಎಲ್ಲಿಗೆ ಹೋಗುವುದು ಮಾರಾಯ್ತಿ?"

ಮರುದಿನ ಬೆಳಿಗ್ಗೆ ಸನ್ನದ್ಧತಾ ತಪಾಸಣಾ ಸಮಿತಿ ಬಂತು. ತಪಾಸಣೆಯೆಂದರೆ ಪ್ರಾತ್ಯಕ್ಷಿಕೆ ಆಗಬೇಕು, ಪ್ರಾತ್ಯಕ್ಷಿಕೆಗೆ ಒಬ್ಬ ರೋಗಿ ಬೇಕು. ಆನ್ಸಿ ಕೂಡಲೇ ಬಾಗಿಲೆದುರಿನವನನ್ನು ತೋರಿಸಿದಳು. ಸಮಿತಿಯ ಅನುಮತಿ ಪಡೆದು ಒಂದು ಹಾಸಿಗೆಯ ಕವರು ಬಿಚ್ಚಿ, ಮುದ್ದುವನ್ನು ಮಲಗಿಸಿ ಮಾಸ್ಕ್ ಕಟ್ಟಿದರು. ಸ್ವಲ್ಪ ಹೊತ್ತಿಗೆ ಅವನ ಮುಖಕ್ಕೆ ಬಣ್ಣ ಬಂತು. ಕಣ್ಣು ತೆರೆದು ಜಯಳನ್ನು ಗುರುತಿಸಿದ.

"ಬಹಳ ಸಹಜ ಅಭಿನಯ," ಎಂದು ಸಮಿತಿಯ ಅಧ್ಯಕ್ಷರು ಮೆಚ್ಚಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಚಹಾ, ಗೋಳಿಬಜೆ ಮುಗಿಯುವವರೆಗೂ ಆಕ್ಸಿಜನ್ ಹರಿಯಿತು. ಕಾರು ಗೇಟು ದಾಟಿದ ಮೇಲೆ ಗುಣಪಾಲರು, "ಇನ್ನು ಇಳಿಸಿ," ಎಂದರು.

"ಸರ್, ಇಳಿಸಿದರೆ ಸಾಯ್ತಾನೆ."

"ಇಳಿಸದಿದ್ದರೆ ಸನ್ನದ್ಧ ಹಾಸಿಗೆ ಹತ್ತೊಂಬತ್ತೇ ಆಗ್ತದೆ. ಸಮಿತಿ ಕೊಟ್ಟ ಪ್ರಮಾಣಪತ್ರದಲ್ಲಿ ಇಪ್ಪತ್ತು ಅಂತ ಬರೆದಾಗಿದೆ."

ಇಪ್ಪತ್ತೈದು ವರ್ಷ ಸುತ್ತೋಲೆ ಪಾಲಿಸಿದ ಕೈ ಆನ್ಸಿಯದ್ದು. ಆ ಕೈಯಲ್ಲೇ ಅವಳು ಮುದ್ದುವನ್ನು ಇಳಿಸಿದಳು, ಕವರು ಹೊದಿಸಿದಳು, ಬೀಗ ಹಾಕಿದಳು.

ಸಂಜೆಯೊಳಗೆ ಮುದ್ದು ತೀರಿಕೊಂಡ. ಸತ್ತದ್ದು ವರಾಂಡದಲ್ಲಾದ್ದರಿಂದ ಸನ್ನದ್ಧ ವಾರ್ಡಿನ ಸಾವಿನ ಸಂಖ್ಯೆ ಸೊನ್ನೆಯಾಗಿಯೇ ಉಳಿಯಿತು. ಮುಂದೆ ಆಸ್ಪತ್ರೆಗೆ ಸನ್ನದ್ಧತಾ ಪ್ರಶಸ್ತಿ ಬಂದದ್ದು ಈ ಸೊನ್ನೆಗೆ.

ಜಯ ಅತ್ತು ಅತ್ತು ಸಾಕಾಗಿ ಆನ್ಸಿಯ ಕೈ ಹಿಡಿದಳು. "ಬೆಳಿಗ್ಗೆಯ ಫೋಟೋದ ಒಂದು ಕಾಪಿ ಸಿಗಬಹುದಾ ಸಿಸ್ಟರ್? ಬೊಜ್ಜದ ದಿನ ಎಡೆ ಬಡಿಸುವಲ್ಲಿ ಹೂ ಹಾಕಿ ಇಡ್ಲಿಕ್ಕೆ. ಅವರದ್ದು ಒಳ್ಳೆ ಫೋಟೋ ಬೇರೆ ಇಲ್ಲ."

ಖಾಲಿಯಾದ ಜಾಗಕ್ಕೆ ವಾಮಂಜೂರಿನ ಮುದುಕ ಸಿಪ್ರಿಯನ್ ತನ್ನ ಚಾಪೆ ಎಳೆದುಕೊಂಡು ಬಂದ. ಏದುಸಿರಿನಲ್ಲೂ ಬಹಳ ಮರ್ಯಾದೆಯಿಂದ ಕೇಳಿದ: "ಇನ್ನೊಂದು ತಪಾಸಣೆ ಯಾವಾಗ ಉಂಟು ಸಿಸ್ಟರ್?"

"ಮೂರು ತಿಂಗಳಿಗೆ."

"ತೊಂದರೆ ಇಲ್ಲ. ಮೊದಲನೆಯವನು ನಾನು, ಆಯ್ತಾ?"

ಅವನ ಹಿಂದೆ ವರಾಂಡದವರೆಲ್ಲ ಚಾಪೆ ಸರಿಸಿ ಸಾಲಾಗಿ ಮಲಗಿದರು. ಮುಂದೆ ಜಗಳವಾಗಬಾರದೆಂದು ಆನ್ಸಿ ಎಲ್ಲರಿಗೂ ಟೋಕನ್ ಹಂಚಿದಳು.