ಹದಿನೇಳನೆಯ ನಂಬರು ಗೈರುಹಾಜರು

ಗುಂಪು ಚರ್ಚೆ ಎಂಬ ಯುದ್ಧದಲ್ಲಿ ನನ್ನನ್ನು ಗೆಲ್ಲುವವರು ಇಡೀ ಗುಂಟೂರು ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ಡೈರಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು, ತಾರೀಖು ಹಾಕಿ, ಸಹಿಯನ್ನೂ ಮಾಡಿದ್ದೆ. ಈಗ ಆ ಪುಟ ಹರಿದುಹಾಕೋಣವೆಂದರೆ ಅದರ ಹಿಂಬದಿಯಲ್ಲಿ ಮಗಳ ಲಸಿಕೆಗಳ ವಿವರವಿದೆ. ಹೀಗಾಗಿ ನನ್ನ ಜಂಬ ಪೋಲಿಯೋ ಹನಿಗಳ ದಯೆಯಿಂದ ಬದುಕಿಕೊಂಡಿದೆ!

ನನ್ನ ಹೆಸರು ಹೈಮಾವತಿ, ವಯಸ್ಸು ಇಪ್ಪತ್ತೇಳು. ಡಿಪ್ಲೊಮಾ ಮುಗಿಸಿ, ಮದುವೆಯಾಗಿ, ಮಗಳು ಲಾಸ್ಯಳಿಗೆ ಆರು ತಿಂಗಳು ತುಂಬಿದ ಮೇಲೆ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ನೇರವಾಗಿ ಸೇರಿದವಳು. ಈಗ ಕೊನೆಯ ವರ್ಷ, ಎಲೆಕ್ಟ್ರಿಕಲ್ ವಿಭಾಗ. ತರಗತಿಯವರೆಲ್ಲ ನನ್ನನ್ನು ಅಕ್ಕ ಎನ್ನುತ್ತಾರೆ. ಹೊಸದಾಗಿ ಬಂದ ಒಬ್ಬ ಉಪನ್ಯಾಸಕರೂ ಒಮ್ಮೆ ಬಾಯಿತಪ್ಪಿ ಅಕ್ಕ ಎಂದು ಕರೆದು, ಆಮೇಲೆ ವಾರವಿಡೀ ನನ್ನ ಕಡೆ ನೋಡದೆ ಪಾಠ ಮಾಡಿದರು.

ಕ್ಯಾಂಪಸ್ಸಿಗೆ ಬರುವ ಕಂಪನಿಗಳಿಗೆಲ್ಲ ಒಂದು ನಿಯಮ: ಓದಿನ ನಡುವೆ ಎರಡು ವರ್ಷಕ್ಕಿಂತ ಹೆಚ್ಚು ಬಿಡುವು ಇರಕೂಡದು. ನನ್ನ ಬಿಡುವು ಐದು ವರ್ಷ. ಆ ಐದು ವರ್ಷದಲ್ಲಿ ನಾನು ಒಂದು ಗಳಿಗೆಯೂ ಬಿಡುವಾಗಿರಲಿಲ್ಲ ಎಂದು ಅವರಿಗೆ ಯಾರು ಹೇಳಬೇಕು? ಆಗಸ್ಟಿನಿಂದ ಜನವರಿಯವರೆಗೆ ಹದಿನಾಲ್ಕು ಕಂಪನಿಗಳು ಬಂದುಹೋದವು. ಹದಿನಾಲ್ಕೂ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದವು.

ಹದಿನೈದನೆಯದು ವಿಜಯವಾಡದ ದಾರಿಯಲ್ಲಿರುವ ಟ್ರಾನ್ಸ್‌ಫಾರ್ಮರ್ ಕಾರ್ಖಾನೆ. ಅವರಿಗೆ ಈ ನಿಯಮವಿರಲಿಲ್ಲ. ಅವರ ಬಸ್ಸು ನಮ್ಮ ಬೀದಿಯ ತುದಿಯಲ್ಲೇ ನಿಲ್ಲುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕಾರ್ಖಾನೆಯ ಒಳಗೇ ಕೆಲಸಗಾರರ ಮಕ್ಕಳಿಗಾಗಿ ಶಿಶುವಿಹಾರವಿದೆ. ನಮ್ಮ ಅತ್ತಯ್ಯನ, ಅಂದರೆ ಗಂಡನ ತಾಯಿಯ, ಮೊಣಕಾಲು ಸವೆದಿದೆ; ಮೂರು ವರ್ಷದ ಲಾಸ್ಯಳ ಕಾಲಿಗೆ ಚಕ್ರವಿದೆ. ಇವರಿಬ್ಬರನ್ನು ದಿನವಿಡೀ ಒಂದೇ ಮನೆಯಲ್ಲಿ ಬಿಟ್ಟು ನಾನು ಹೈದರಾಬಾದಿಗೆ ಹೋಗಿ ಎಂಜಿನಿಯರ್ ಆಗುವುದು ಆಗದ ಮಾತು. ಸಿಕ್ಕರೆ ಈ ಕೆಲಸ, ಇಲ್ಲವಾದರೆ ಯಾವುದೂ ಇಲ್ಲ. ಬರವಣಿಗೆಯ ಪರೀಕ್ಷೆ ದಾಟಿದ್ದೆ. ಫೋನಿನಲ್ಲಿ ಸಂದರ್ಶನವೂ ಆಗಿತ್ತು. ಉಳಿದದ್ದು ಗುಂಪು ಚರ್ಚೆ, ಅದೊಂದೇ.

ತರಬೇತಿ ಕೊಡಲು ಕಾಲೇಜಿಗೆ ಬಂದ ಮಹಾಶಯರು ಒಂದು ಗುಟ್ಟು ಬಿಟ್ಟುಕೊಟ್ಟಿದ್ದರು. ಚರ್ಚೆಯಲ್ಲಿ ಕೂಗಾಡುವವನಿಗೆ ಅಂಕವಿಲ್ಲ. ಜಗಳ ಬಿಡಿಸುವವನಿಗೆ, ಸುಮ್ಮನಿದ್ದವರನ್ನು ಮಾತಿಗೆಳೆಯುವವನಿಗೆ, ಎಲ್ಲರ ಮಾತನ್ನು ಕೊನೆಗೆ ಕಟ್ಟಿಕೊಡುವವನಿಗೆ ಪೂರ್ತಿ ಅಂಕ. ನನಗೆ ನಗು ಬಂತು. ನಾನು ದಿನಾ ಬೆಳಿಗ್ಗೆ ಹಾಲಿನ ಲೋಟ ಹಿಡಿದು ಮಾಡುವುದು ಇದನ್ನೇ ಅಲ್ಲವೇ!

ಆದರೂ ಅಭ್ಯಾಸ ಬೇಕು. ಸಂಜೆ ಊಟಕ್ಕೆ ಮುಂಚೆ ಅತ್ತಯ್ಯ, ಮಾವಯ್ಯ, ನನ್ನ ಗಂಡ ಫಣೀಂದ್ರ, ಮೂವರನ್ನೂ ಚಾಪೆಯ ಮೇಲೆ ದುಂಡಗೆ ಕೂರಿಸಿದೆ. ವಿಷಯ: ಮನೆಗೆ ಏರ್ ಕೂಲರ್ ಅಗತ್ಯವೇ? ಮೂರು ನಿಮಿಷದಲ್ಲಿ ಚರ್ಚೆ ಕೂಲರನ್ನು ಬಿಟ್ಟು, ಮಾವಯ್ಯ ಹಿಂದೊಮ್ಮೆ ತಮ್ಮ ತಂಗಿಗೆ ಕೊಟ್ಟ ಟೇಬಲ್ ಫ್ಯಾನಿನ ಮೇಲೆ ಹೋಗಿ ಕೂತಿತು. ಮಾತಾಡುವವರು ಕೈ ಎತ್ತಬೇಕು ಎಂದೆ.

"ನನ್ನ ಮನೇಲಿ ನನ್ನ ಗಂಡನ್ನ ಬಯ್ಯೋಕೆ ನಾನು ಕೈ ಎತ್ಬೇಕಾ ಅಮ್ಮಾಯಿ?" ಎಂದರು ಅತ್ತಯ್ಯ.

ಎತ್ತಿಸಿದೆ! ಮೂರು ತಿಂಗಳಲ್ಲಿ ನಮ್ಮ ಮನೆ ಸಂಸತ್ತಿಗಿಂತ ಶಿಸ್ತಾಯಿತು. ಡೈರಿಯಲ್ಲಿ ಮೇಲಿನ ವಾಕ್ಯ ಬರೆದದ್ದು ಆಗಲೇ.

ಚರ್ಚೆ ನಡೆದದ್ದು ಊರಾಚೆಯ ಬೇರೊಂದು ಕಾಲೇಜಿನಲ್ಲಿ. ಆರೇಳು ಕಾಲೇಜುಗಳ ಹುಡುಗರು ಒಟ್ಟಿಗೆ ಸೇರಿದ್ದರು, ಒಬ್ಬರಿಗೊಬ್ಬರ ಪರಿಚಯವಿಲ್ಲ. ಅಂಗಿ, ಪ್ಯಾಂಟು ಹಾಕಿಕೊಂಡು ಬನ್ನಿ ಎಂದಿದ್ದರು. ಮದುವೆಗೆ ಮುಂಚಿನ ಪ್ಯಾಂಟನ್ನು ಏರಿಸಿ ನೋಡಿದೆ. ಅದು ಮೊಣಕಾಲಿನವರೆಗೆ ಗೌರವದಿಂದ ಬಂದು, ಅಲ್ಲಿಂದ ಮುಂದೆ ಕೈಮುಗಿಯಿತು. ಕೊನೆಗೆ ಅತ್ತಯ್ಯ ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟಿದ್ದ ಬೂದು ಬಣ್ಣದ ಮಂಗಳಗಿರಿ ಸೀರೆ ಉಟ್ಟೆ, ಕೂದಲನ್ನು ಗಂಟು ಹಾಕಿದೆ, ಕನ್ನಡಕ ಏರಿಸಿದೆ. ಗುರುತಿನ ಚೀಟಿಯ ದಾರವನ್ನು ಲಾಸ್ಯ ಜಗಿದು ತುಂಡು ಮಾಡಿದ್ದಳು. ಚೀಟಿ ಚೀಲದ ತಳ ಸೇರಿತು.

ಬಸ್ಸು ಕೈಕೊಟ್ಟು ಹತ್ತು ನಿಮಿಷ ತಡವಾಯಿತು. ಓಡೋಡಿ ಒಳಗೆ ಹೋದರೆ ಹನ್ನೊಂದು ಮಂದಿ ಹುಡುಗ ಹುಡುಗಿಯರು ಸರಕ್ಕನೆ ಎದ್ದು ನಿಂತರು. ಬೇರೆ ಕಾಲೇಜಿನ ಮಕ್ಕಳ ನಡತೆ ಎಷ್ಟು ಚೆನ್ನ ಎಂದುಕೊಂಡೆ. ಕಂಪನಿಯಿಂದ ಇಬ್ಬರು ಬಂದಿದ್ದರು: ನರೆಗೂದಲಿನ ಚಕ್ರಪಾಣಿ ಮತ್ತು ಮೃದುಲಾ ಎಂಬ ಹುಡುಗಿ.

"ಬನ್ನಿ ಬನ್ನಿ, ನಿಮಗೇ ಕಾಯ್ತಿದ್ವಿ," ಎಂದು ಚಕ್ರಪಾಣಿ ತಮ್ಮ ಪಕ್ಕದ ಕುರ್ಚಿ ತೋರಿಸಿದರು.

ನನ್ನ ಪರೀಕ್ಷೆಯ ಅಂಕಗಳು ಅಷ್ಟು ಪರಿಣಾಮ ಬೀರಿರಬೇಕು! ಹಾಜರಿ ಹಾಳೆ ಕೈಯಿಂದ ಕೈಗೆ ಬಂದಾಗ ನಾನೂ ಪೆನ್ನು ತೆಗೆದೆ. ನಿಮ್ಮದು ಬೇರೆ ಹಾಳೆ, ಕೊನೆಯಲ್ಲಿ ಸಹಿ ಮಾಡಿದರಾಯಿತು ಎಂದರು. ಬೇರೆ ಹಾಳೆ! ಎದೆ ಒಂದಂಗುಲ ಉಬ್ಬಿತು.

ಚರ್ಚೆ ಶುರುವಾಯಿತು. ಹನ್ನೊಂದು ಬಾಯಿಗಳು ಒಟ್ಟಿಗೆ ತೆರೆದವು. ನಾನು ಬಲಗೈ ಎತ್ತಿ, ಲಾಸ್ಯಳನ್ನು ಗೋಡೆಯ ಮೇಲೆ ಗೀಚದಂತೆ ತಡೆಯುವ ದನಿಯಲ್ಲಿ, ಒಬ್ಬೊಬ್ಬರಾಗಿ ಎಂದೆ. ಕೋಣೆ ತಣ್ಣಗಾಯಿತು. ಅಲ್ಲಿಂದ ಮುಂದೆ ನಡೆದದ್ದು ರಾಜ್ಯಭಾರ. ಜೋರಿನವರನ್ನು ಕೂರಿಸಿದೆ, ಮೆತ್ತಗಿನವರನ್ನು ಎಬ್ಬಿಸಿದೆ, ಎಲ್ಲರ ಮಾತನ್ನೂ ಚೊಕ್ಕವಾಗಿ ಕಟ್ಟಿಕೊಟ್ಟೆ. ಮುಗಿದ ಮೇಲೆ ಚಕ್ರಪಾಣಿ, ಇನ್ನೊಂದು ತಂಡಕ್ಕೂ ಇರುತ್ತೀರಾ, ನೀವಿದ್ದರೆ ಅನುಕೂಲ ಎಂದು ಕೇಳಿದರು. ಎರಡನೆಯ ಸುತ್ತಿಗೆ ನನ್ನೊಬ್ಬಳನ್ನೇ ಉಳಿಸಿಕೊಂಡಿದ್ದಾರೆ! ಎರಡು ಮುಗಿದ ಮೇಲೆ ಊಟಕ್ಕೆ ತಮ್ಮ ಜೊತೆಯೇ ಕರೆದರು. ಪುಳಿಹೋರದ ತಟ್ಟೆಯನ್ನು ಮೃದುಲಾಳೇ ಕೈಗಿಟ್ಟಳು.

ಕೈ ತೊಳೆಯುವ ನೆಪದಲ್ಲಿ ಮನೆಗೆ ಫೋನು ಮಾಡಿದೆ.

"ಏಮಂಡಿ, ಎರಡು ಸುತ್ತು ಮುಗೀತು, ಮೂರನೇದಕ್ಕೂ ಕರೆದಿದ್ದಾರೆ. ಬೇರೆ ಯಾರನ್ನೂ ಕರೆದಿಲ್ಲ."

"ಚರ್ಚೆ ಒಂದೇ ಸುತ್ತು ಅಂದಿದ್ರಲ್ಲ?" ಎಂದರು ಫಣೀಂದ್ರ. ಮೆಣಸಿನಕಾಯಿ ಮಂಡಿಯಲ್ಲಿ ಲೆಕ್ಕ ಬರೆಯುವವರಿಗೆ ಎಲ್ಲದರಲ್ಲೂ ಅನುಮಾನ.

"ಉಳಿದವರಿಗೆ ಒಂದು," ಎಂದೆ.

ಅವರು ಅತ್ತಯ್ಯನಿಗೆ ಹೇಳಿದರು. ಅತ್ತಯ್ಯ ಎದುರುಮನೆಗೆ ಹೇಳಿದರು. ನಾನು ಮೂರನೆಯ ತಂಡದ ನಡುವಿನಲ್ಲಿರುವಾಗ ತೆನಾಲಿಯ ಚಿಕ್ಕಮ್ಮನಿಂದ ಅಭಿನಂದನೆಯ ಸಂದೇಶ ಬಂತು. ಶಿಶುವಿಹಾರದಲ್ಲಿ ಮಗುವಿಗೆ ಖಾರ ಹಾಕಬೇಡಿ ಎಂದು ಈಗಲೇ ಬರೆದುಕೊಡು ಎಂಬ ಸಲಹೆಯೂ ಅದರಲ್ಲಿತ್ತು.

ಸಂಜೆ ನಾಲ್ಕಕ್ಕೆ ಎಲ್ಲ ಮುಗಿಯಿತು. ಮೂರನೆಯ ತಂಡದವರು ಟೀ ಕುಡಿಯಲು ಕ್ಯಾಂಟೀನಿಗೆ ಇಳಿದರು. ಚಕ್ರಪಾಣಿ ಒಂದು ಹಾಳೆ ಮುಂದಿಟ್ಟು, ನಿಮ್ಮಿಂದ ಬಹಳ ಉಪಕಾರವಾಯಿತು, ಇಲ್ಲೊಂದು ಸಹಿ ಮಾಡಿ ಎಂದರು. ಗತ್ತಿನಿಂದ ಪೆನ್ನು ತೆರೆದೆ. ಸಹಿಯ ಜಾಗದ ಕೆಳಗೆ ಅಚ್ಚಾಗಿತ್ತು: ಕಾಲೇಜಿನ ಪರವಾಗಿ, ಮೇಲ್ವಿಚಾರಕ ಉಪನ್ಯಾಸಕರು.

"ಇನ್ನೊಂದು ಮಾತು ಮೇಡಂ," ಎಂದರು ಚಕ್ರಪಾಣಿ. "ಹದಿನೇಳನೇ ನಂಬರು, ಹೈಮಾವತಿ ಅಂತ. ಪರೀಕ್ಷೆಲಿ ಒಳ್ಳೇ ಅಂಕ. ಬೆಳಿಗ್ಗೆಯಿಂದ ಪತ್ತೆ ಇಲ್ಲ. ನಿಮಗೆ ಗೊತ್ತಿದ್ರೆ ಸ್ವಲ್ಪ ಬುದ್ಧಿ ಹೇಳಿ."

"ಹೇಳ್ತೀನಿ ಸರ್," ಎಂದುಬಿಟ್ಟೆ. ಬೆಳಿಗ್ಗೆಯಿಂದ ಅಭ್ಯಾಸವಾಗಿಹೋಗಿತ್ತು.

ಹಾಜರಿ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೈರುಹಾಜರು ಎಂದಿತ್ತು. ಸಹಿ ಮಾಡಿ, ಕೈಮುಗಿದು, ಮರ್ಯಾದೆ ಉಳಿಸಿಕೊಂಡು ಹೊರಟುಬಿಡಬಹುದಿತ್ತು. ಹಾಗೆ ಹೊರಟರೆ ಕಾರ್ಖಾನೆಯ ಬಸ್ಸು ಹೋಯಿತು, ಶಿಶುವಿಹಾರ ಹೋಯಿತು, ಮೂರು ವರ್ಷ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಓದಿದ್ದು ಹೋಯಿತು. ಮರ್ಯಾದೆ ಮಾತ್ರ ಉಳಿಯುತ್ತಿತ್ತು. ಅದನ್ನು ಇಟ್ಟುಕೊಂಡು ನಾನೇನು ಮಾಡಲಿ?

"ಸರ್, ಆ ಹುಡುಗಿ ಬಂದಿದ್ದಾಳೆ."

"ಎಲ್ಲಿ?"

"ಬೆಳಿಗ್ಗೆಯಿಂದ ನಿಮ್ಮ ಪಕ್ಕದಲ್ಲೇ ಕೂತಿದ್ದಾಳೆ."

ಮೃದುಲಾ ಮೇಜಿನ ಕೆಳಗೆ ಬಗ್ಗಿ ನೋಡಿದಳು. ನಾನು ಚೀಲಕ್ಕೆ ಕೈಹಾಕಿ, ಒಂದು ಪುಟ್ಟ ಚಡ್ಡಿ, ಅರ್ಧ ಬಿಸ್ಕತ್ತು, ಒಂದು ಗೊಂಬೆಯ ಕಾಲು ದಾಟಿ ಗುರುತಿನ ಚೀಟಿ ಹೊರತೆಗೆದೆ. ಚಕ್ರಪಾಣಿ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಬರಬೇಕಿದ್ದ ಉಪನ್ಯಾಸಕರು ಬರಲೇ ಇಲ್ಲವಂತೆ; ಸೀರೆಯುಟ್ಟು ತಡವಾಗಿ ಓಡಿಬಂದ ನಾನೇ ಅವರೆಂದು ತಿಳಿದರಂತೆ.

"ಮೊದಲೇ ಯಾಕಮ್ಮ ಹೇಳ್ಲಿಲ್ಲ?"

"ಕುರ್ಚಿ ಕೊಟ್ರಿ, ಊಟ ಹಾಕಿಸಿದ್ರಿ. ಕಂಪನಿಯ ಸಂಸ್ಕಾರ ಅಂದ್ಕೊಂಡೆ ಸರ್."

ಇಬ್ಬರೂ ಪಿಸುಗುಟ್ಟಿದರು. ನಾನು ಮಾಡಿದ್ದು ಮೇಲ್ವಿಚಾರಣೆ, ಅದಕ್ಕೆ ಅಂಕ ಕೊಡಲು ಬರುವುದಿಲ್ಲ. ಕ್ಯಾಂಟೀನಿನಲ್ಲಿರುವವರನ್ನು ಕರೆಸುತ್ತೇವೆ, ಅವರ ನಡುವೆ ಅವರಂತೆ ಕೂತು ಹತ್ತು ನಿಮಿಷ ಚರ್ಚೆ ಮಾಡಿ ಎಂದರು. ಹೊಸ ವಿಷಯ: ಮುಂದಾಳು ಇಲ್ಲದೆ ಗುಂಪು ಕೆಲಸ ಮಾಡಬಲ್ಲದೇ?

ಮೂರನೆಯ ತಂಡದ ಹನ್ನೊಂದು ಮಂದಿ ಮತ್ತೆ ಬಂದು ಕೂತರು. ನಾನೂ ವಿದ್ಯಾರ್ಥಿನಿಯೇ ಎಂದು ಚಕ್ರಪಾಣಿ ತಿಳಿಸಿದರು. ಎಲ್ಲರೂ ತಲೆಯಾಡಿಸಿದರು, ಯಾರೂ ನಂಬಲಿಲ್ಲ. ಮುಂದಾಳು ಬೇಕೇ ಬೇಕು ಎಂದು ನಾನು ಶುರುಮಾಡಿದೆ. ಒಬ್ಬರೂ ಎದುರಾಡಲಿಲ್ಲ. ನಾಲ್ವರು ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು. ಕೋಟೇಶ್ ಎಂಬ ಹುಡುಗ ಕೈ ಎತ್ತಿದಾಗ ಜೀವ ಬಂದಂತಾಯಿತು.

"ಮೇಡಂ, ಬಾತ್‌ರೂಮಿಗೆ ಹೋಗ್ಲಾ?"

ಐದು ನಿಮಿಷ ಕಳೆಯಿತು. ಮೃದುಲಾಳ ಪೆನ್ನು ಕಾಗದ ಮುಟ್ಟಿರಲಿಲ್ಲ. ಚರ್ಚೆ ನಡೆಯದಿದ್ದರೆ ಅಂಕವಿಲ್ಲ, ಜಗಳವಿಲ್ಲದೆ ಚರ್ಚೆಯಿಲ್ಲ. ಕೊನೆಗೆ ಎದುರಿಗಿದ್ದ ಸುವಾರ್ತ ಎಂಬ ಸಣ್ಣ ದನಿಯ ಹುಡುಗಿಯ ಕಡೆ ತಿರುಗಿ ಅಂಗಲಾಚಿದೆ.

"ನೀನಾದ್ರೂ ನಾನು ಹೇಳಿದ್ದು ತಪ್ಪು ಅನ್ನಮ್ಮ. ನಿನಗೆ ಪುಣ್ಯ ಬರುತ್ತೆ."

ಅವಳು ಒಮ್ಮೆ ಚಕ್ರಪಾಣಿಯವರನ್ನು ನೋಡಿದಳು, ಒಮ್ಮೆ ನನ್ನನ್ನು.

"ಹೇಳ್ತೀನಿ ಮೇಡಂ. ಮಧ್ಯಾಹ್ನ ನಾನು ಸುಮ್ನಿದ್ದೀನಿ ಅಂತ ಮೂರು ಸಲ ಎಬ್ಬಿಸಿದ್ರಿ. ಮೂರು ಸಲಾನೂ ನಾನು ಬಾಯಿ ತೆರೆದ ಕೂಡ್ಲೇ, ಅಂದ್ರೆ ಇವಳು ಹೇಳೋದೇನಂದ್ರೆ ಅಂತ ನೀವೇ ಹೇಳಿ ಕೂರಿಸಿದ್ರಿ. ನಾನು ಹೇಳೋಕೆ ಹೊರಟಿದ್ದು ಅದಲ್ವೇ ಅಲ್ಲ."

ಕಟ್ಟೆ ಒಡೆಯಿತು. ತನಗೆ ಒಳ್ಳೆಯ ಅಂಶ ಹೊಳೆದಾಗಲೇ ನಾನು ಕೂರಿಸಿದೆ ಎಂದು ಒಬ್ಬ. ಕೈ ಎತ್ತಿ ಎತ್ತಿ ಭುಜ ನೋಯುತ್ತಿದೆ ಎಂದು ಇನ್ನೊಬ್ಬ. ಬಾತ್‌ರೂಮಿಗೆ ಹೋಗಬೇಕಾದ ಕೋಟೇಶ್ ಅದನ್ನು ಮರೆತು, ಎಲ್ಲರ ಮಾತನ್ನೂ ಒಂದೇ ಥರ ಮಾಡಿಬಿಟ್ಟಿರಿ ಎಂದು ಹರಿಹಾಯ್ದ. ಹನ್ನೊಂದು ಬಾಯಿ, ಒಬ್ಬಳು ನಾನು! ನನ್ನ ಬಲಗೈ ತಾನೇ ಮೇಲೇಳಲು ಹೊರಟಿತು. ಅದನ್ನು ಎಡಗೈಯಿಂದ ಹಿಡಿದು ತೊಡೆಯ ಕೆಳಗಿಟ್ಟು, ಅದರ ಮೇಲೆ ಕೂತೆ.

ಆಮೇಲೆ ಸುವಾರ್ತಳನ್ನು, ನೀನು ಹೇಳಬೇಕೆಂದಿದ್ದೇನು ಎಂದು ಕೇಳಿದೆ. ಕೇಳಿ, ಬಾಯಿ ಮುಚ್ಚಿಕೊಂಡೆ. ಅವಳಪ್ಪ ಮೋಟಾರಿಗೆ ತಂತಿ ಸುತ್ತುವವರಂತೆ. ಅವರ ಅಂಗಡಿಯಲ್ಲಿ ನಾಲ್ವರು, ಯಜಮಾನ ಎಂಬುವನಿಲ್ಲ, ಕೆಲಸ ಬಂದಾಗ ಅದನ್ನು ಚೆನ್ನಾಗಿ ಬಲ್ಲವನೇ ಆ ಹೊತ್ತಿನ ಮುಂದಾಳು. ಮಾತು ಸೊಗಸಾಗಿತ್ತು. ಆದರೆ ನಾಲ್ವರಿಗೆ ಹೊಂದುವುದು ನಾನೂರು ಜನರ ಕಾರ್ಖಾನೆಗೆ ಹೊಂದದು ಎಂದು ನಾನು ಅಡ್ಡ ಹಾಕಿದೆ. ಅವಳು ಬಿಡಲಿಲ್ಲ. ನಾನೂ ಬಿಡಲಿಲ್ಲ.

"ಅಲ್ಲೇ ನೀನು ತಪ್ಪೋದು ಅಕ್ಕ," ಎಂದಳು ಸುವಾರ್ತ ಮೇಜು ತಟ್ಟಿ. ಮೃದುಲಾಳ ಪೆನ್ನು ಓಡತೊಡಗಿತು.

ಆರಕ್ಕೆ ಪಟ್ಟಿ ಅಂಟಿಸಿದರು. ಮೂರು ತಂಡಗಳಿಂದ ಒಟ್ಟು ಹನ್ನೆರಡು ಹೆಸರು. ಮೊದಲನೆಯದು ಸುವಾರ್ತ. ಹನ್ನೆರಡನೆಯದನ್ನು ನಾನು ಬೆರಳಿಟ್ಟು ನಾಲ್ಕು ಸಲ ಓದಿದೆ. ಜೂನ್ ಒಂದರಂದು ಬನ್ನಿ, ಯಂತ್ರಗಳಿರುವ ಜಾಗ, ಸೀರೆ ಮಾತ್ರ ಬೇಡ ಎಂದರು ಚಕ್ರಪಾಣಿ.

ಮನೆಗೆ ಬಂದರೆ ಪಡಸಾಲೆಯಲ್ಲಿ ಏಳು ಮಂದಿ ನೆರೆಹೊರೆಯ ಹೆಂಗಸರು ಕೂತಿದ್ದರು. ಮೂರು ಸುತ್ತಿನ ಮಹಾವಿಜಯದ ಕಥೆಯನ್ನು ಅತ್ತಯ್ಯ ಆಗಲೇ ಎರಡು ಬಾರಿ ಹೇಳಿಯಾಗಿತ್ತು. ಲಾಸ್ಯ ಓಡಿಬಂದು ಗಂಜಿ ಹಾಕಿದ ಸೀರೆಯನ್ನು ಪೂರ್ತಿ ಮುದುಡಿಸಿ ಸೊಂಟ ಏರಿದಳು. ಅವಳ ನೆತ್ತಿಗೆ ಗಲ್ಲವಿಟ್ಟು, ಕೆಲಸ ಸಿಕ್ಕಿತು ಎಂದು ಮೊದಲು ಹೇಳಿ, ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಯಾರ ಮಾತನ್ನೂ ಮುಗಿಸಲು ಬಿಡದವಳೆಂದು ಆ ಹನ್ನೊಂದು ಮಕ್ಕಳು ನನ್ನ ನೀರಿಳಿಸಿದ್ದನ್ನೂ ಬಿಡಲಿಲ್ಲ.

ಅತ್ತಯ್ಯ ಮೊಣಕಾಲು ನೀವಿಕೊಳ್ಳುತ್ತಾ ಪೂರ್ತಿ ಕೇಳಿಸಿಕೊಂಡರು.

"ಹನ್ನೊಂದು ಜನ ಎಂಜಿನಿಯರ್‌ಗಳು ಸೇರಿ ಇವತ್ತು ಕಂಡುಹಿಡಿದಿದ್ದನ್ನ ನಾನೊಬ್ಳೇ ನೀನು ಮದುವೆಯಾಗಿ ಬಂದ ವಾರದಲ್ಲೇ ಕಂಡುಹಿಡಿದಿದ್ದೆ ಅಮ್ಮಾಯಿ," ಎಂದರು. "ನಿಮ್ಮ ಕಂಪನೀಲಿ ನನಗೂ ಒಂದು ಕೆಲಸ ಕೇಳಿ ನೋಡು."