ಕಾರ್ಡಿಗೆ ಹಿಡಿದ ಛತ್ರಿ

"ಪ್ರಪಂಚವೇ ಮೋಸ ಹೋಗಲಿ, ಈ ವೆಂಕಟರವಣಪ್ಪ ಮಾತ್ರ ಹೋಗುವವನಲ್ಲ!" ಎಂದು ಎಟಿಎಂ ಕಾರ್ಡ್ ಕೈಗೆ ಬಂದ ದಿನವೇ ಘೋಷಿಸಿಬಿಟ್ಟಿದ್ದೆ. 2006ರ ಮಾತು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ಹರಾಜು ಕೂಗುವವನು ನಾನು. ಇಪ್ಪತ್ತು ವರ್ಷ ಗದ್ದಲ ಸೀಳಿದ ಗಂಟಲು! ಮನೆಯಲ್ಲಿ ಕರೆಂಟ್ ಬಿಲ್ಲು ಓದಿದರೂ ಬೀದಿಗೆಲ್ಲ ಕೇಳುತ್ತದೆಂದು ಹೆಂಡತಿ ಜ್ಯೋತಿಲಕ್ಷ್ಮಿಯ ದೂರು.

ಕಾರ್ಡಿನ ಮೋಸ ಹೇಗೆ ನಡೆಯುತ್ತದೆಂದು ಪೇಪರಿನಲ್ಲಿ ಅಕ್ಷರ ಬಿಡದೆ ಓದಿದ್ದೆ. ಹಿಂದೆ ನಿಂತವನು ಗುಟ್ಟಿನ ನಂಬರ್ ಇಣುಕಿ ನೋಡುತ್ತಾನೆ, ಆಮೇಲೆ ಕಾರ್ಡ್ ಬದಲಾಯಿಸುತ್ತಾನೆ. ಇಷ್ಟೇ ತಾನೆ? ಛತ್ರಿ ಹಿಡಿದು ಹೊರಟೆ.

"ಮಳೆ ಇಲ್ಲ, ಮೋಡ ಇಲ್ಲ, ಛತ್ರಿ ಯಾಕ್ರೀ?"

"ನಿನ್ ದುಡ್ಡು ಕಾಯಕ್ಕೆ ಕಣೇ!"

ಮೂರು ವರ್ಷ ರವಿಕೆ ಹೊಲಿದು, ಮೋಟಾರಿನ ಹೊಲಿಗೆ ಮಿಷನ್ನಿಗೆಂದು ಅವಳು ಕೂಡಿಸಿದ್ದ ಎಂಟು ಸಾವಿರ ನನ್ನ ಖಾತೆಯಲ್ಲಿತ್ತು. ಅಂಗಡಿಯವನಿಗೆ ಮುಂಗಡವಾಗಿ ಐನೂರು ತೆಗೆಯಬೇಕಿತ್ತು.

ಎಟಿಎಂ ಒಳಗೆ ಛತ್ರಿ ಬಿಚ್ಚಿ ನಂಬರ್ ಒತ್ತಿದೆ. ನೊಣಕ್ಕೂ ಕಾಣಲಿಲ್ಲ! ದುಡ್ಡು ಬಂತು. ಛತ್ರಿ ಮಡಿಸುವಾಗ ಕಾರ್ಡ್ ಜಾರಿ ಬಿತ್ತು. ಹಿಂದಿದ್ದ, ಹಣೆ ತುಂಬ ವಿಭೂತಿ ಬಳಿದ ದೊಡ್ಡ ಮನುಷ್ಯನೊಬ್ಬ ಎತ್ತಿಕೊಟ್ಟ.

"ಜೋಪಾನ ಸಾರ್, ಕಾಲ ಕೆಟ್ಟೋಗೈತೆ!" ಎಂದ. ನಾನು ಕೈಮುಗಿದೆ. ಥೂ, ಆ ನನ್ನ ಕೈಗಿಷ್ಟು ಬೆಂಕಿ ಹಾಕ!

ಸೋಮವಾರ ಮಿಷನ್ ತರೋಣವೆಂದು ಹೊರಟರೆ ಎಟಿಎಂ ಕಾರ್ಡನ್ನೇ ಒಪ್ಪಲಿಲ್ಲ. ಇಬ್ಬರೂ ಬ್ಯಾಂಕಿಗೆ ಓಡಿದೆವು. ಮ್ಯಾನೇಜರ್ ಕಾರ್ಡ್ ತಿರುಗಿಸಿ ನೋಡಿದರು.

"ಇದ್ರಲ್ಲಿ ಗಂಗುಲಪ್ಪ ಅಂತಿದೆ. ನಿಮ್ಮ ಹೆಸ್ರು ಯಾವಾಗ ಬದಲಾಯ್ತು?"

ಖಾತೆಯಲ್ಲಿ ಉಳಿದಿದ್ದು ನೂರಾ ಹನ್ನೆರಡು ರೂಪಾಯಿ! ಜ್ಯೋತಿಲಕ್ಷ್ಮಿ ಬೆಂಚಿನ ಮೇಲೆ ಕುಳಿತುಬಿಟ್ಟಳು.

"ಕಾರ್ಡ್ ಬದಲಾಯಿಸ್ದ, ಒಪ್ಕೊಂಡೆ! ನಂಬರ್ ಹೆಂಗ್ ಗೊತ್ತಾಯ್ತು ಸ್ವಾಮಿ? ಛತ್ರಿ ಹಿಡ್ದಿದ್ದೆ, ಛತ್ರಿ! ನಿಮ್ಮೋರೇ ಹೇಳಿರ್ಬೇಕು!" ಮೇಜು ಗುದ್ದಿದೆ. ಇಂಕ್ ಪ್ಯಾಡು ನೆಗೆದು ಬಿತ್ತು. ಪೊಲೀಸು, ಕೋರ್ಟು, ಮಂತ್ರಿ, ಯಾರನ್ನೂ ಬಿಡುವುದಿಲ್ಲವೆಂದು ಗುಡುಗಿದೆ.

ದೂರು ಬರೆದುಕೊಟ್ಟು ಹತ್ತು ದಿನವಾದ ಮೇಲೆ ಛತ್ರಿ ಸಮೇತ ಇಬ್ಬರೂ ಬ್ಯಾಂಕಿಗೆ ಹೋದಾಗ ಹೊಸ ಕಾರ್ಡ್ ಸಿಕ್ಕಿತು. ಜೊತೆಗೆ ನಂಬರಿದ್ದ ಮುಚ್ಚಿದ ಲಕೋಟೆ.

"ಯಾರಿಗೂ ಗೊತ್ತಾಗ್ಬಾರ್ದು," ಎಂದರು ಮ್ಯಾನೇಜರ್.

"ನನಗೇ ಪಾಠವಾ!" ಎಂದು ಲಕೋಟೆ ಹರಿದೆ. ನಂಬರ್ ಕಣ್ಣಿಗೆ ಬಿತ್ತು.

"ಹದಿನಾಲ್ಕು ಮೂವತ್ತೈದೂ... ಒಂದ್ಸಾರೀ! ಹದಿನಾಲ್ಕು ಮೂವತ್ತೈದೂ... ಎರಡ್ಸಾರೀ!"

ಇಡೀ ಬ್ಯಾಂಕು ತಿರುಗಿ ನೋಡಿತು. ದಿನಾ ನನ್ನೆದುರು ಗೂಡು ಹರಾಜು ಹಿಡಿಯುವ ಉಸ್ಮಾನ್ ಸಾಬ್ ಸಾಲಿನಲ್ಲಿದ್ದರು. ಪಾಪ, ಅಭ್ಯಾಸಬಲ! ಕೈ ಎತ್ತಿ, "ಎರಡು ರೂಪಾಯಿ ಮೇಲೆ!" ಎಂದೇಬಿಟ್ಟರು.

ಜ್ಯೋತಿಲಕ್ಷ್ಮಿ ನಿಧಾನವಾಗಿ ಎದ್ದು ಬಂದಳು.

"ಅವತ್ತೂ ಹಿಂಗೇ ಕೂಗಿದ್ರಾ?"

ನಾನು ತಲೆ ತಗ್ಗಿಸಿದೆ. ಅವಳು ನನ್ನ ಕಂಕುಳಿನಿಂದ ಛತ್ರಿ ಕಿತ್ತುಕೊಂಡಳು.

"ಇದನ್ನ ಕೈಗಲ್ಲ ಕಣ್ರೀ, ಬಾಯಿಗೆ ಹಿಡೀಬೇಕಿತ್ತು!"